ಬೀಗದ ದಿನ ದಾಟಿದವರು

ನಗರಸಭೆಯ ಸದಸ್ಯೆ ಊರಂಚಿನ ಸೈನ್ಯದ ದಂಡಿಗೆ ನೋಟಿಸು ಕೊಟ್ಟ ಸುದ್ದಿ ಊರಿಗೆಲ್ಲ ಬೆಳಿಗ್ಗೆಯೇ ಗೊತ್ತಾಗಿತ್ತು. ಸದಸ್ಯೆಯ ಮಾವನಿಗೆ ಗೊತ್ತಾದದ್ದು ಮಾತ್ರ ಸಂಜೆ, ಅದೂ ಕ್ಷೌರದಂಗಡಿಯಲ್ಲಿ, ಅರ್ಧ ಗಡ್ಡ ಹೆರೆದಾದ ಮೇಲೆ. ಇನ್ನರ್ಧ ಗಡ್ಡ ಉಳಿಸಿಕೊಂಡೇ ಅವರು ಎದ್ದು ಮನೆಗೆ ಬಂದುಬಿಟ್ಟರು. ಬಲಗೆನ್ನೆಯ ಮೇಲೆ ಸೋಪಿನ ನೊರೆ ಒಣಗಿ ಅಂಟಿಕೊಂಡಿತ್ತು.

ಸೊಸೆ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಯಾರೋ ಸಿಪಾಯಿಯ ಅಂಗಿಯ ತೋಳಿಗೆ ಪಟ್ಟಿ ಹೊಲಿಯುತ್ತಿದ್ದಳು.

"ದಂಡಿಗೆ ನೋಟಿಸು ಕೊಟ್ಟೆಯಂತೆ?"

"ಕೊಟ್ಟೆ ಮಾವ. ಗೇಟು ಯಾಕೆ ಮುಚ್ಚಿದ್ರಿ ಅಂತ ಕೇಳಿದ್ದೀನಿ, ಅಷ್ಟೆ."

"ದಂಡನ್ನ ಕೇಳೋಕೆ ನೀನು ಯಾರು?"

"ವಾರ್ಡಿನ ಜನ ಓಟು ಹಾಕಿ ಕಳಿಸಿದವಳು. ನೀವೂ ಹಾಕಿದ್ರಿ ಅಂದುಕೊಂಡಿದ್ದೀನಿ."

"ಚರಂಡಿ ರಿಪೇರಿ ಮಾಡಿಸ್ತೀಯ ಅಂತ ಹಾಕಿದ್ದು! ಸೈನ್ಯದ ವಿಷಯಕ್ಕೆ ಮೂಗು ತೂರಿಸು ಅಂತ ಅಲ್ಲ."

"ಚರಂಡಿ ಆಯ್ತಲ್ಲ ಮಾವ. ಈಗ ದಾರಿ." ಆಕೆ ಹಲ್ಲಿನಿಂದ ದಾರ ಕಡಿದು ಅಂಗಿಯನ್ನು ಕೊಡವಿದಳು. "ಮುಖ ತೊಳ್ಕೊಳ್ಳಿ. ನೊರೆ ಒಣಗಿದೆ."

ಆ ಮನೆಯಲ್ಲಿ ದಂಡಿನ ಉಪ್ಪು ತಿನ್ನದವರು ಒಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ. ತೊಡಕು ಇದ್ದದ್ದೇ ಅಲ್ಲಿ. ಯಜಮಾನರು ನಿವೃತ್ತ ಹವಾಲ್ದಾರರು. ಅವರನ್ನು ಬೀದಿಯವರಿರಲಿ, ಮನೆಯವರೂ ಹವಾಲ್ದಾರರೆಂದೇ ಕರೆಯುತ್ತಿದ್ದರು. ಅವರಿಗೆ ದಂಡಿನ ಪಿಂಚಣಿ. ಮಗ ದಂಡಿನೊಳಗೆ ಕಂತ್ರಾಟಿನ ಎಲೆಕ್ಟ್ರಿಷಿಯನ್. ಸೊಸೆ ಹೊಲಿಯುವುದರಲ್ಲಿ ಮುಕ್ಕಾಲು ಪಾಲು ಸಿಪಾಯಿಗಳ ಬಟ್ಟೆ. ಹವಾಲ್ದಾರರ ಹೆಂಡತಿ ಒಬ್ಬರೇ ಬೇರೆ; ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ನರ್ಸಾಗಿದ್ದು ಅರ್ಧ ಊರಿನ ಹೆರಿಗೆ ಮಾಡಿಸಿದವರು. ಅವರು ಎಲ್ಲರಿಗೂ ಸಿಸ್ಟರಮ್ಮ.

ಜಗಳದ ದಾರಿ ಅಂಥ ದೊಡ್ಡದೇನಲ್ಲ. ದಂಡಿನ ಬೇಲಿಯ ಒಳಗೆ, ಒಂದು ಅಂಚಿನಲ್ಲಿ ಹಾದು ಆಚೆ ಬದಿಯ ಶಾಲೆಗೂ ಗಿರಣಿಯ ವಸತಿಗೂ ಹೋಗುವ ಮಣ್ಣಿನ ಹಾದಿ. ಈಚೆ ತುದಿಯಲ್ಲಿ ದೊಡ್ಡ ಕಬ್ಬಿಣದ ಗೇಟು. ಗೇಟಿನಲ್ಲೇ ಒಬ್ಬರು ಬಗ್ಗಿ ದಾಟುವಷ್ಟು ದಿಡ್ಡಿ ಬಾಗಿಲು. ಆ ದಿಡ್ಡಿಯಿಂದ ಹೋದರೆ ಶಾಲೆಗೆ ಹತ್ತು ನಿಮಿಷ. ಹೆದ್ದಾರಿ ಸುತ್ತಿ ಹೋದರೆ ಐವತ್ತು. ಹೊಸದಾಗಿ ಬಂದ ಕಮಾಂಡರು ಭದ್ರತೆಯ ಕಾರಣ ಕೊಟ್ಟು ಗೇಟು ಮುಚ್ಚಿ ಆರು ವಾರವಾಗಿತ್ತು.

ಹವಾಲ್ದಾರರು ಮುಖ ತೊಳೆದು ಬರುವಷ್ಟರಲ್ಲಿ ಮೊಮ್ಮಗಳು ಶಾಲೆಯಿಂದ ಬಂದಳು. ಹನ್ನೆರಡು ವರ್ಷದ ಹುಡುಗಿ, ಮೊಣಕಾಲಿನವರೆಗೆ ಧೂಳು. ಶಾಲೆಯ ಚೀಲದ ಒಂದು ಪಟ್ಟಿ ಹರಿದು ಜೋತಾಡುತ್ತಿತ್ತು.

"ಏನಾಯ್ತೇ?" ಎಂದು ಸಿಸ್ಟರಮ್ಮ ಕೇಳಿದರು.

"ಲಾರಿಯ ಕೊಕ್ಕೆ ಸಿಕ್ಕಿಹಾಕಿಕೊಳ್ತು ಅಜ್ಜಿ. ಪಟ್ಟಿ ಹರೀತು, ಅದಕ್ಕೇ ನಾನು ಬೀಳಲಿಲ್ಲ." ಆಮೇಲೆ ತಾತನ ಕಡೆ ನೋಡಿ ಕಿಸಕ್ಕನೆ ನಕ್ಕಳು. "ತಾತ, ನಿನ್ನ ಅರ್ಧ ಮುಖಕ್ಕೆ ವಯಸ್ಸಾಗಿದೆ!"

ಯಾರೂ ನಗಲಿಲ್ಲ. ಹವಾಲ್ದಾರರು ಚೀಲ ಎತ್ತಿ ಹರಿದ ಜಾಗವನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು.

"ನಾಳೆಯಿಂದ ನಾನು ಕರ್ಕೊಂಡು ಹೋಗ್ತೀನಿ," ಎಂದರು.

"ಆ ಮಂಡಿ ಇಟ್ಕೊಂಡಾ?" ಎಂದರು ಸಿಸ್ಟರಮ್ಮ.

"ಮಂಡಿ ನನ್ನದು. ನಾನು ನೋಡ್ಕೋತೀನಿ."

ಮಾರನೆಯ ದಿನದಿಂದ ಹವಾಲ್ದಾರರು ಎಪ್ಪತ್ತಾರರ ವಯಸ್ಸಿನಲ್ಲಿ, ಒಂದು ಮಂಡಿ ಮಡಿಸಲಾಗದ ಕಾಲಿನಲ್ಲಿ, ಬೆಳಿಗ್ಗೆ ಐವತ್ತು ನಿಮಿಷ, ಸಂಜೆ ಐವತ್ತು ನಿಮಿಷ ಹೆದ್ದಾರಿಯ ಪಕ್ಕ ನಡೆದರು. ಲಾರಿಯ ಬದಿಗೆ ತಾವು, ಒಳಬದಿಗೆ ಮೊಮ್ಮಗಳು. ಗೇಟು ಮುಚ್ಚಿದ್ದು ತಪ್ಪು ಎಂದು ಒಂದು ದಿನವೂ ಬಾಯಿ ಬಿಡಲಿಲ್ಲ. ಮನೆಗೆ ಬಂದು ಸುಮ್ಮನೆ ಬಿಸಿನೀರಿಗೆ ಕಾಲಿಡುತ್ತಿದ್ದರು.

ಎರಡನೆಯ ವಾರ ಅವರ ಹೆಸರಿಗೇ ಒಂದು ಲಕೋಟೆ ಬಂತು. ಮೇಲೆ ದಂಡಿನ ಮೊಹರು. ಹವಾಲ್ದಾರರು ಅದನ್ನು ಚಾಕುವಿನಿಂದ ನೀಟಾಗಿ ಬಿಡಿಸಿ, ಊಟದ ಮೇಜಿನ ಮುಂದೆ ನಿಂತುಕೊಂಡು ಎರಡು ಸಲ ಓದಿದರು. ನಗರಸಭೆಯ ದೂರಿನ ಮೇಲೆ ವಿಚಾರಣೆ ನಡೆಯಲಿದೆ. ಹಳೆಯ ಗೇಟಿನ ದಾಖಲೆ ಪುಸ್ತಕಗಳು ತಮ್ಮ ಕೈಬರಹದಲ್ಲಿವೆ. ಅವು ಸರಿಯಾಗಿವೆ ಎಂದು ದಂಡಿನ ಪರವಾಗಿ ತಾವು ಸಾಕ್ಷಿ ಹೇಳಬೇಕು.

"ನೋಡಿದ್ರಾ? ರಿಟೈರಾಗಿ ಮೂವತ್ತೆರಡು ವರ್ಷ ಆದ್ರೂ ಮರೆತಿಲ್ಲ ನನ್ನನ್ನ," ಎಂದರು. ಬೇಯಿಸಿದ ಆಲೂಗಡ್ಡೆ ತಟ್ಟೆಯಲ್ಲಿ ತಣ್ಣಗಾಗುತ್ತಿತ್ತು.

"ಯಾವ ದಾಖಲೆ ತಾತ?" ಎಂದಳು ಮೊಮ್ಮಗಳು.

"ಬೀಗದ ದಿನದ್ದು."

ಅದನ್ನು ಅವಳಿಗೆ ವಿವರಿಸಿ ಹೇಳಿದ್ದು ಅವಳ ಅಮ್ಮ. ಹನ್ನೆರಡು ವರ್ಷ ಒಂದು ದಿನವೂ ತಪ್ಪದೆ ಜನ ಓಡಾಡಿದ ದಾರಿ ಜನರದ್ದಾಗುತ್ತದೆ ಎಂದು ಕಾನೂನು. ಹಾಗಾಗಬಾರದೆಂದು ದಂಡಿನವರು ವರ್ಷಕ್ಕೊಂದು ದಿನ, ಬೇಸಿಗೆಯ ಮೊದಲ ಭಾನುವಾರ, ಬೆಳಗಿನಿಂದ ಸಂಜೆಯವರೆಗೆ ಗೇಟಿಗೆ ಬೀಗ ಹಾಕಿ, ಯಾರೂ ದಾಟಲಿಲ್ಲವೆಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಮಿಕ್ಕ ದಿನಗಳೆಲ್ಲ ದಂಡಿನ ದೊಡ್ಡ ಮನಸ್ಸು. ಆ ಒಂದು ದಿನ ದಂಡಿನ ಹಕ್ಕು. ಮಂಡಿಗೆ ಪೆಟ್ಟು ಬಿದ್ದ ಮೇಲೆ ಹವಾಲ್ದಾರರನ್ನು ಆ ಗೇಟಿಗೆ ಹಾಕಿದ್ದರು. ಹದಿನಾಲ್ಕು ವರ್ಷ, ಹದಿನಾಲ್ಕು ಬೀಗದ ದಿನ.

"ಬೀಗದ ದಿನ ಅಂದ್ರೆ, ಅಜ್ಜಿ ಹೇಳೋ ಕಥೆಯ ಭಾನುವಾರವಾ?" ಎಂದಳು ಮೊಮ್ಮಗಳು.

ಸಿಸ್ಟರಮ್ಮನ ಮುಖ ಅರಳಿತು. ಆ ಕಥೆ ಮನೆಯಲ್ಲಿ ನೂರು ಸಲವಾದರೂ ಆಗಿತ್ತು. "ಅದೇ ಕಣೇ. ಆಚೆ ಗಿರಣಿ ವಸತೀಲಿ ಒಬ್ಬಳಿಗೆ ನೋವು ಶುರುವಾಗಿದೆ, ಈಚೆ ಗೇಟಿಗೆ ಇಷ್ಟು ದಪ್ಪ ಬೀಗ. ಒಬ್ಬ ಸಿಪಾಯಿ ಕಂಬದ ಹಾಗೆ ನಿಂತಿದ್ದಾನೆ. ನಾನು ಅಂದೆ..."

"ಆ ಕಥೆ ಈಗ ಬೇಡ," ಎಂದರು ಹವಾಲ್ದಾರರು.

"ಯಾಕೆ ಬೇಡ? ನೀವು 'ಹೋಗಿ ಸಿಸ್ಟರ್, ಬೇಗ ಬನ್ನಿ' ಅಂದಿದ್ದು ಸುಳ್ಳಾ?"

"ಬೇಡ ಅಂದೆನಲ್ಲ!"

ಮೇಜಿನ ಮೇಲಿದ್ದ ಚಮಚ ಸದ್ದು ಮಾಡಿತು. ಸೊಸೆ ಒಮ್ಮೆ ಮಾವನ ಮುಖ ನೋಡಿದಳು, ಒಮ್ಮೆ ಅತ್ತೆಯ ಮುಖ ನೋಡಿದಳು. ಲೆಕ್ಕ ಅವಳಿಗೆ ಅಲ್ಲೇ ಹೊಳೆಯಿತು. ಆದರೂ ಎದ್ದು ಎಲ್ಲರ ತಟ್ಟೆಗೂ ಇನ್ನಷ್ಟು ಬಡಿಸಿದಳು.

ಮಗನಿಗೆ ಬೇರೆಯೇ ಚಿಂತೆ. ಊಟವಾದ ಮೇಲೆ ಪಾತ್ರೆ ಒರೆಸುತ್ತಾ ಹೆಂಡತಿಗೆ ಹೇಳಿದ. "ಬರುವ ತಿಂಗಳು ನನ್ನ ಕಂತ್ರಾಟು ಮುಗಿಯುತ್ತೆ. ಅಪ್ಪ ಅವರ ಕಡೆ, ನೀನು ಈ ಕಡೆ. ಎರಡು ತಂತಿ ಮಧ್ಯೆ ಕೈ ಇಟ್ಟವನು ನಾನು."

"ನಿಮ್ಮ ಕೆಲಸಕ್ಕೂ ಇದಕ್ಕೂ ಏನು ಸಂಬಂಧ?"

"ಹಾಗಂತ ನೀನು ಹೇಳ್ತೀಯ. ನಿನ್ನೆ ಸ್ಟೋರಿನವನು ನನಗೆ ಬಲ್ಬು ಕೊಡೋಕೆ ಮೊದಲು, 'ನಿಮ್ಮ ಸದಸ್ಯೆ ಹೇಗಿದ್ದಾರೆ' ಅಂದ."

"ಚೆನ್ನಾಗಿದ್ದಾಳೆ ಅನ್ನಬೇಕಿತ್ತು."

"ಅಂದೆ. ಅದಕ್ಕೇ ಅರವತ್ತು ವ್ಯಾಟಿನದು ಕೇಳಿದ್ರೆ ನಲವತ್ತರದು ಕೊಟ್ಟ."

ವಿಚಾರಣೆಯ ಮೊದಲ ದಿನ ಹವಾಲ್ದಾರರು ಕೋಟಿಗೆ ಪದಕಗಳನ್ನು ಸಿಕ್ಕಿಸಿಕೊಂಡು ಹೋಗಿ ದಂಡಿನವರ ಸಾಲಿನಲ್ಲಿ ಕೂತರು. ಎದುರು ಸಾಲಿನಲ್ಲಿ ನಗರಸಭೆಯವರ ಜೊತೆ ಸೊಸೆ. ಅವಳು ನೋಡಿದಳು, ಇವರು ಗೋಡೆ ನೋಡಿದರು. ಕಮಾಂಡರು ಎದೆಯ ಮೇಲೆ ಮೂರು ಸಾಲು ಬಣ್ಣದ ಪಟ್ಟಿ ಇದ್ದ, ಆರಡಿ ಎತ್ತರದ ಮನುಷ್ಯ. ಅವರ ಪಕ್ಕ ಕೂರುವುದೇ ಹವಾಲ್ದಾರರಿಗೆ ಒಂದು ಸಂಭ್ರಮ.

ಆಗ ವಿಚಾರಣಾಧಿಕಾರಿ ಒಳಗೆ ಬಂದ. ಮೂವತ್ತು ದಾಟಿರದ ಸಣಕಲು ಹುಡುಗ, ನೆಗಡಿ, ಕೈಯಲ್ಲಿ ನೀರಿನ ಬಾಟಲಿ. ಹವಾಲ್ದಾರರು ಅವನನ್ನು ಗುಮಾಸ್ತನೆಂದುಕೊಂಡು ಕೂತೇ ಇದ್ದರು. ಪಕ್ಕದಲ್ಲಿ ಕುರ್ಚಿ ಸರಿದ ಸದ್ದಾಯಿತು. ಕಮಾಂಡರು ಎದ್ದು ನೆಟ್ಟಗೆ ನಿಂತಿದ್ದರು. ಹುಡುಗ ಕೂತು, ಮೂಗು ಒರೆಸಿಕೊಂಡು, "ಕೂತ್ಕೊಳ್ಳಿ" ಎಂದ ಮೇಲೆಯೇ ಕೂತರು. ಮಾತಾಡುವ ಮೊದಲು "ತಮ್ಮ ಅಪ್ಪಣೆಯಿದ್ದರೆ" ಎಂದರು.

ಆ ದಿನ ಪುಸ್ತಕಗಳನ್ನು ಒಪ್ಪಿಸುವುದರಲ್ಲೇ ಹೊತ್ತು ಹೋಯಿತು. ಹವಾಲ್ದಾರರ ಸಾಕ್ಷಿ ಮುಂದಿನ ವಾರಕ್ಕೆ ಹೋಯಿತು.

ಸಂಜೆ ಚಹಾ ಕುಡಿಯುವಾಗ ಅವರು ಇದ್ದಕ್ಕಿದ್ದ ಹಾಗೆ ಅಂದರು. "ಸಾಹೇಬರು ಎದ್ದು ನಿಂತರು."

"ಯಾರಿಗೆ?" ಎಂದ ಮಗ.

"ಆ ಹುಡುಗನಿಗೆ. ನೆಗಡಿ ಹುಡುಗನಿಗೆ."

"ನಿಲ್ಲಲೇಬೇಕಲ್ಲ ಮಾವ," ಎಂದಳು ಸೊಸೆ. "ಅವನನ್ನ ಕೂರಿಸಿರೋದು ನಾವು ಆರಿಸಿದ ಸರ್ಕಾರ. ಸಾಹೇಬರನ್ನ ಕಳಿಸಿರೋದೂ ಅದೇ."

"ನನಗೆ ಗೊತ್ತಿಲ್ವಾ?" ಎಂದು ಗದರಿದರು. ಲೋಟ ಕೆಳಗಿಟ್ಟು, "ಗೊತ್ತಿತ್ತು. ನೋಡಿರಲಿಲ್ಲ," ಎಂದರು.

ಪುಸ್ತಕಗಳ ನಕಲು ನಗರಸಭೆಗೂ ಸಿಕ್ಕಿತು. ಸೊಸೆ ಅದನ್ನು ಮನೆಗೆ ತಂದು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹರಡಿದ್ದಳು. ಮಾವ ಮೊಮ್ಮಗಳನ್ನು ಕರೆತರಲು ಹೋಗಿದ್ದರು. ಸಿಸ್ಟರಮ್ಮ ಗುಂಡಿ ಹುಡುಕುತ್ತಾ ಬಂದವರು ಗಂಡನ ಕೈಬರಹ ಕಂಡು ಕನ್ನಡಕ ಹಾಕಿಕೊಂಡರು. ದುಂಡು ದುಂಡಾದ, ಒಂದು ಅಕ್ಷರಕ್ಕೆ ಇನ್ನೊಂದು ಮೈ ತಗುಲಿಸದ ಬರಹ.

"ಎಷ್ಟು ಚೆನ್ನಾಗಿ ಬರೀತಿದ್ರು ನೋಡು," ಎಂದು ಹೆಮ್ಮೆಯಿಂದ ಓದತೊಡಗಿದರು. ದಿನಾಂಕ. ಬೀಗ ಹಾಕಿದ ಗಂಟೆ. ಬೀಗ ತೆಗೆದ ಗಂಟೆ. ದಾಟಿದವರು: ಯಾರೂ ಇಲ್ಲ. ಇನ್ನೊಂದು ಹಾಳೆ. ಯಾರೂ ಇಲ್ಲ. ಇನ್ನೊಂದು.

ಹದಿನಾಲ್ಕೂ ಹಾಳೆಗಳನ್ನು ಓದಿ ಮುಗಿಸಿ ಅವರು ಕನ್ನಡಕ ತೆಗೆದರು.

"ಅತ್ತೆ, ಒಂದು ಸಲ ಅಲ್ವಾ ನೀವು ದಾಟಿದ್ದು?" ಸೊಸೆ ಮೆಲ್ಲಗೆ ಕೇಳಿದಳು.

"ಪ್ರತಿ ವರ್ಷ. ಮೊದಲನೇ ವರ್ಷ ಹೆರಿಗೆ. ಎರಡನೇ ವರ್ಷ ಕೆಲಸ ಏನೂ ಇರಲಿಲ್ಲ. ಬಿಡ್ತಾರಾ ಇಲ್ವಾ ನೋಡೋಣ ಅಂತ ಹೋದೆ." ನಗಬೇಕಾದ ಮಾತು, ಸಿಸ್ಟರಮ್ಮ ನಗಲಿಲ್ಲ. "ಮೂರನೇ ವರ್ಷ ಮದುವೆ ಆಗಿತ್ತು. ಆಮೇಲಿನದೆಲ್ಲ ಡ್ಯೂಟಿ. ಆ ವಸತಿಗೆ ನಾನೊಬ್ಬಳೇ ನರ್ಸು."

ಹವಾಲ್ದಾರರು ಬಂದು ಚಪ್ಪಲಿ ಬಿಡುತ್ತಿದ್ದಂತೆ ಸಿಸ್ಟರಮ್ಮ ಹಾಳೆ ಹಿಡಿದು ಎದುರು ನಿಂತರು.

"ಇದೇನ್ರೀ ಇದು?"

ಅವರು ನೋಡಿದರು. ಇನ್ನೊಂದು ಚಪ್ಪಲಿಯನ್ನೂ ಬಿಟ್ಟು ಪಕ್ಕಕ್ಕೆ ಸರಿಸಿದರು.

"ನಾನು ಏನಂದುಕೊಂಡಿದ್ದೆ ಗೊತ್ತಾ? ನನ್ನನ್ನ ಬಿಟ್ಟು, ಬಿಟ್ಟೆ ಅಂತ ಬರೆದು, ಬೈಸಿಕೊಂಡಿರ್ತೀರಿ ಅಂತ. ನಲವತ್ತು ವರ್ಷ ಅದನ್ನೇ ನಂಬ್ಕೊಂಡು ಊರಿಗೆಲ್ಲ ಹೇಳ್ಕೊಂಡು ಬಂದೆ, ನನ್ನ ಗಂಡ ಧೈರ್ಯವಂತ ಅಂತ."

"ಬರೆದಿದ್ರೆ ಕೆಲಸ ಹೋಗ್ತಿತ್ತು ಕಣೇ."

"ಮೊದಲನೇ ವರ್ಷ ಹೋಗ್ತಿತ್ತು, ಒಪ್ಕೋತೀನಿ. ಹದಿನಾಲ್ಕು ವರ್ಷ? ಹೊಟ್ಟೆಯಲ್ಲಿ ಮಗು ಇಟ್ಕೊಂಡು ಆ ದಿಡ್ಡೀಲಿ ಬಗ್ಗಿ ದಾಟಿದ್ದೀನಿ ರೀ. ಅವತ್ತೂ ನಾನು ಯಾರೂ ಅಲ್ವಾ?"

ಮೊಮ್ಮಗಳು ಚೀಲ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. ಹವಾಲ್ದಾರರು ಗೋಡೆಯ ಕಡೆ ತಿರುಗಿದರು. ಅಲ್ಲಿ ಚೌಕಟ್ಟಿನೊಳಗೆ ಅವರ ಪ್ರಮಾಣಪತ್ರ ಇತ್ತು. 'ಇಪ್ಪತ್ತಾರು ವರ್ಷಗಳ ಕಳಂಕರಹಿತ ಸೇವೆ.' ಪ್ರತಿ ಶನಿವಾರ ಅವರು ಅದರ ಗಾಜನ್ನು ತಮ್ಮ ಕೈಯಾರೆ ಒರೆಸುತ್ತಿದ್ದರು.

"ಅದನ್ನ ನೋಡಿ. ನೋಡ್ತಾ ಕೂತಿರಿ," ಎಂದು ಸಿಸ್ಟರಮ್ಮ ಅಡುಗೆಮನೆಗೆ ಹೋದರು.

ಅಂದಿನಿಂದ ಆ ಮನೆಯಲ್ಲಿ ಚಹಾ ಎರಡು ಸಲ ಆಯಿತು. ಸಿಸ್ಟರಮ್ಮ ತಮಗೆ ತಾವು ಮಾಡಿಕೊಂಡರು. ಹವಾಲ್ದಾರರು ತಮಗೆ ತಾವು ಮಾಡಿಕೊಂಡರು, ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಗೊತ್ತಾಗದೆ ಮೂರು ದಿನ ಸಪ್ಪೆ ಕುಡಿದರು. ನಾಲ್ಕನೆಯ ದಿನ ಸಕ್ಕರೆ ಡಬ್ಬಿ ತಾನಾಗಿಯೇ ಮುಂದಿನ ಸಾಲಿಗೆ ಬಂದಿತ್ತು. ಮಾತು ಮಾತ್ರ ಬರಲಿಲ್ಲ.

ನಗರಸಭೆಯ ಅಧ್ಯಕ್ಷರು ಸೊಸೆಯನ್ನು ಕರೆಸಿಕೊಂಡು ಕೇಳಿದರು. "ನಿಮ್ಮ ಅತ್ತೆ ದಾಟಿದ್ದರಂತಲ್ಲ? ಬೀಗದ ದಿನವೂ ಜನ ಓಡಾಡಿದ್ದಾರೆ ಅಂತಾಗುತ್ತೆ. ಅವರನ್ನೇ ಸಾಕ್ಷಿಗೆ ಕರೆಯೋಣ. ಕೇಸು ಗೆದ್ದ ಹಾಗೇ."

ಊರಿಗೆಲ್ಲ ಗೊತ್ತಿದ್ದ ಕಥೆ, ಮುಚ್ಚಿಡುವುದೇನಿತ್ತು? ಸೊಸೆ ಮನೆಗೆ ಬಂದು ಅತ್ತೆಯನ್ನು ಕೇಳಿದಳು.

ಸಿಸ್ಟರಮ್ಮ ಒಗೆದ ಬಟ್ಟೆ ಹಿಂಡುತ್ತಿದ್ದರು. "ನಾನು ಬರಲ್ಲ."

"ದಾರಿ ಬೇಡವಾ ಅತ್ತೆ?"

"ಬೇಕು. ಆದರೆ ನಾನು ಹೋಗಿ ಹೇಳಿದ್ರೆ ಅವರು ಸುಳ್ಳುಗಾರ ಆಗ್ತಾರೆ. ಅವರೇ ಹೇಳಿದ್ರೆ..." ಒಂದು ಅಂಗಿಯನ್ನು ಜೋರಾಗಿ ಕೊಡವಿದರು. "ಅವರ ಬಾಯಿಂದಲೇ ಬರಬೇಕು ಕಣಮ್ಮಾ. ಬರದಿದ್ರೆ ನಿನ್ನ ದಾರಿ ಹೋಗುತ್ತೆ. ನನ್ನ ಮೇಲೆ ಬೇಜಾರು ಮಾಡ್ಕೋಬೇಡ."

ಸೊಸೆ ಬೇಜಾರು ಮಾಡಿಕೊಳ್ಳಲಿಲ್ಲವೆಂದರೆ ಸುಳ್ಳಾಗುತ್ತದೆ. ಬಾಯಿ ಬಿಗಿ ಹಿಡಿದು ಬಟ್ಟೆ ಒಣಹಾಕಿದಳು. ಆದರೆ ಮಾರನೆಯ ದಿನ ಅಧ್ಯಕ್ಷರಿಗೆ, "ಅತ್ತೆ ಬರೋದಿಲ್ಲ, ನಾನು ಕರೆಯೋದೂ ಇಲ್ಲ," ಎಂದು ಹೇಳಿ ಬಂದಳು. ಗೇಟಿನ ಮುಂದೆ ಮೆರವಣಿಗೆ ಮಾಡೋಣ ಎಂದದ್ದಕ್ಕೂ ಒಪ್ಪಲಿಲ್ಲ. "ಅವರು ನಮ್ಮ ಶತ್ರುಗಳಲ್ಲ ಸರ್. ನಮ್ಮ ಮನೆ ಊಟದ ಮೇಜಿನ ಸುತ್ತ ಅರ್ಧ ದಂಡೇ ಕೂತಿರುತ್ತೆ. ಕೇಳೋ ಜಾಗದಲ್ಲಿ ಕೇಳೋಣ."

ಎರಡನೆಯ ವಿಚಾರಣೆಯ ಬೆಳಿಗ್ಗೆ ಹವಾಲ್ದಾರರು ಕೋಟು ಹಾಕಿಕೊಳ್ಳಲು ಹೋದರೆ ಮಧ್ಯದ ಗುಂಡಿ ಕಿತ್ತು ಬಂತು. ಸಿಸ್ಟರಮ್ಮನನ್ನು ಕೇಳಲು ಧೈರ್ಯ ಸಾಲದೆ ಗುಂಡಿಯನ್ನು ಅಂಗೈಯಲ್ಲಿ ಹಿಡಿದು ನಿಂತುಬಿಟ್ಟರು. ಸೊಸೆ ಕೋಟನ್ನು ಕೈಯಿಂದ ತೆಗೆದುಕೊಂಡಳು.

"ಎದುರು ಪಕ್ಷದ ಸಾಕ್ಷಿಗೆ ಗುಂಡಿ ಹೊಲೀತೀಯಾ?" ಎಂದರು ಹವಾಲ್ದಾರರು.

"ಗುಂಡಿ ಇಲ್ಲದೆ ಹೋದ್ರೆ ನನ್ನ ಅಂಗಡಿಗೆ ಕೆಟ್ಟ ಹೆಸರು." ಸೂಜಿಗೆ ದಾರ ಪೋಣಿಸಿದಳು. ಪದಕದ ಪಟ್ಟಿಯ ಅಂಚು ಎದ್ದಿದ್ದು ಕಂಡು ಅದನ್ನೂ ಎರಡು ಹೊಲಿಗೆ ಹಾಕಿ ಕೂರಿಸಿದಳು.

"ಅವಳನ್ನ ಯಾಕೆ ಸಾಕ್ಷಿಗೆ ಕರೀಲಿಲ್ಲ ನೀನು?"

"ಅತ್ತೆ ಬರಲ್ಲ ಅಂದ್ರು."

"ಒತ್ತಾಯ ಮಾಡಬಹುದಿತ್ತು."

"ಮಾಡಬಹುದಿತ್ತು ಮಾವ. ಆಮೇಲೆ ನಿಮ್ಮಿಬ್ಬರ ಜೊತೆ ಈ ಮನೇಲಿ ಇರೋಳು ನಾನೇ ತಾನೆ?" ದಾರ ಕಡಿದಳು. "ನೀವು ಏನು ಹೇಳಿದ್ರೂ ಸಂಜೆ ಊಟಕ್ಕೆ ಮನೆಗೇ ಬನ್ನಿ. ಅಷ್ಟೇ ನಾನು ಕೇಳೋದು."

ಹವಾಲ್ದಾರರು ಕೋಟು ಹಾಕಿಕೊಂಡರು. ಗುಂಡಿಗಳನ್ನು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಹಾಕಿದರು. ಬಾಗಿಲ ಹತ್ತಿರ ನಿಂತು ಅಡುಗೆಮನೆಯ ಕಡೆ ನೋಡಿದರು. ಸಿಸ್ಟರಮ್ಮ ಬೆನ್ನು ಹಾಕಿ ಪಾತ್ರೆ ತೊಳೆಯುತ್ತಿದ್ದರು, ತೊಳೆದದ್ದನ್ನೇ ಮತ್ತೆ ಮತ್ತೆ.

ವಿಚಾರಣೆಯ ಕೋಣೆಯಲ್ಲಿ ಈ ಸಲ ನೆಗಡಿ ಹುಡುಗ ಒಳಗೆ ಬಂದಾಗ ಎಲ್ಲರಿಗಿಂತ ಮೊದಲು ಎದ್ದು ನಿಂತವರು ಹವಾಲ್ದಾರರು.

ದಂಡಿನ ವಕೀಲರು ಪುಸ್ತಕ ತೆರೆದು ಕೇಳಿದರು. "ಈ ಕೈಬರಹ ನಿಮ್ಮದೇನಾ?"

"ನನ್ನದೇ ಸರ್."

"ಇದರಲ್ಲಿ ಬರೆದಿರೋದು ನಿಜ ತಾನೆ?"

ಹವಾಲ್ದಾರರು ಮಡಿಸಲಾಗದ ಕಾಲನ್ನು ಇನ್ನಷ್ಟು ನೆಟ್ಟಗೆ ಮಾಡಿದರು. ಎದುರು ಸಾಲಿನಲ್ಲಿ ಸೊಸೆ ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದಳು.

"ದಿನಾಂಕ ನಿಜ ಸರ್. ಗಂಟೆ ನಿಜ. ಯಾರೂ ದಾಟಿಲ್ಲ ಅನ್ನೋದು ಸುಳ್ಳು."

ವಕೀಲರ ಕೈಯಲ್ಲಿದ್ದ ಪುಟ ಅಲ್ಲೇ ನಿಂತಿತು. ವಿಚಾರಣಾಧಿಕಾರಿ ಪೆನ್ನು ಕೆಳಗಿಟ್ಟ. "ಸುಳ್ಳು ದಾಖಲೆ ಬರೆದೆ ಅಂತ ಒಪ್ಪಿಕೊಂಡರೆ ನಿಮ್ಮ ಮೇಲೆ ಕ್ರಮ ಆಗಬಹುದು. ಗೊತ್ತಿದೆಯಾ?"

"ಗೊತ್ತು ಸರ್. ಅದಕ್ಕೇ ಇಷ್ಟು ವರ್ಷ ಹೇಳಿರಲಿಲ್ಲ."

"ಎಷ್ಟು ಸಲ ಬಿಟ್ಟಿರಿ?"

"ಹದಿನಾಲ್ಕು ಸಲ. ಹದಿನಾಲ್ಕು ಸಲವೂ ಬೀಗ ತೆಗೆದದ್ದು ನಾನೇ, ಬಿಟ್ಟದ್ದು ನಾನೇ. ಮೇಲಿನವರಿಗೆ ಗೊತ್ತಿರಲಿಲ್ಲ. ಅವರು ನನ್ನನ್ನ ನಂಬಿ ಸಹಿ ಹಾಕಿದ್ರು."

"ದಾಟಿದವರು ಯಾರು?"

"ಒಬ್ಬ ನರ್ಸು, ಸರ್."

"ಹೆಸರು?"

ಹವಾಲ್ದಾರರು ಹೆಸರು ಹೇಳಿದರು. ಮದುವೆಯಾದಂದಿನಿಂದ ಏ ಎಂದೋ ಇವಳೇ ಎಂದೋ ಕರೆದುಕೊಂಡು ಬಂದವರು ನಾಲ್ಕು ಜನರ ಮುಂದೆ ಆ ಹೆಸರನ್ನು ಪೂರ್ತಿಯಾಗಿ ಹೇಳಿದ್ದು ಅದೇ ಮೊದಲು.

"ನಿಮಗೆ ಸಂಬಂಧ?"

"ಮೊದಲೆರಡು ವರ್ಷ ಏನೂ ಇಲ್ಲ ಸರ್. ಮೂರನೇ ವರ್ಷದಿಂದ ಹೆಂಡತಿ."

ಯಾರೋ ನಕ್ಕರು. ವಿಚಾರಣಾಧಿಕಾರಿ ನಗಲಿಲ್ಲ, ಕಮಾಂಡರ ಕಡೆ ನೋಡಿದ. ಕಮಾಂಡರು ಎದ್ದು ನಿಂತು, "ಸಾಕ್ಷಿ ನಾವೇ ಕರೆಸಿದವರು. ಅವರ ಮಾತನ್ನ ನಾವು ಪ್ರಶ್ನೆ ಮಾಡೋದಿಲ್ಲ. ತಾವು ಏನು ಆದೇಶ ಕೊಟ್ಟರೂ ದಂಡು ಪಾಲಿಸುತ್ತೆ," ಎಂದರು.

ಹೊರಗೆ ಮೆಟ್ಟಿಲ ಮೇಲೆ ಕಮಾಂಡರು ಹವಾಲ್ದಾರರನ್ನು ನಿಲ್ಲಿಸಿದರು. "ಈ ವಿಷಯ ನಾನು ಮೇಲಕ್ಕೆ ಬರೀಲೇಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ."

"ಬರೀರಿ ಸರ್," ಎಂದರು ಹವಾಲ್ದಾರರು. "ಬರೀಬೇಕಾದ್ದು ಬರೀದೇ ಇದ್ದದ್ದೇ ನನ್ನ ತಪ್ಪು."

ಸುದ್ದಿ ಅವರಿಗಿಂತ ಮೊದಲೇ ಮನೆ ತಲುಪಿತ್ತು. ಅವರು ಬಂದು ಕೂತಾಗ ಸಿಸ್ಟರಮ್ಮ ಚಹಾ ತಂದು ಮುಂದಿಟ್ಟರು. ಒಂದೇ ಪಾತ್ರೆಯಲ್ಲಿ ಕುದಿಸಿ ಎರಡು ಲೋಟಕ್ಕೆ ಬಗ್ಗಿಸಿದ ಚಹಾ. ಒಂದು ಗುಟುಕು ಕುಡಿದು ಹವಾಲ್ದಾರರು ಮುಖ ಕಿವುಚಿದರು.

"ಸಕ್ಕರೆ ಜಾಸ್ತಿ ಆಯ್ತು."

"ಒಂದು ವಾರದ್ದು ಸೇರಿಸಿ ಹಾಕಿದ್ದೀನಿ. ಕುಡೀರಿ."

ಮೂರು ವಾರದ ಮೇಲೆ ಆದೇಶ ಬಂತು. ದಾರಿ ಜನರದ್ದು. ದಿಡ್ಡಿ ಬಾಗಿಲು ಬೆಳಗಿನಿಂದ ಕತ್ತಲಾಗುವವರೆಗೆ ತೆರೆದಿರಬೇಕು; ದಂಡಿಗೆ ನಿಜವಾದ ತುರ್ತು ಬಂದರೆ ನಗರಸಭೆಗೆ ಬರೆದು ತಿಳಿಸಿ ಮುಚ್ಚಬಹುದು. ಅದೇ ಟಪಾಲಿನಲ್ಲಿ ಹವಾಲ್ದಾರರಿಗೆ ಬೇರೆ ಲಕೋಟೆ. ಅವರ ಸೇವಾ ಪುಸ್ತಕದಲ್ಲಿ ಛೀಮಾರಿ ದಾಖಲಾಗಿದೆ. ಪಿಂಚಣಿಗೆ ತೊಂದರೆಯಿಲ್ಲ. ಪ್ರಮಾಣಪತ್ರವನ್ನು ಹಿಂದಿರುಗಿಸತಕ್ಕದ್ದು. ಗೇಟಿನ ದಾಖಲೆಗಳನ್ನು ಅವರ ಕೈಯಿಂದಲೇ ತಿದ್ದಿಸಲಾಗುವುದು, ಇಂಥ ದಿನ ಹಾಜರಾಗಬೇಕು.

ಈ ಸಲ ಅವರು ಒಂದೇ ಸಲ ಓದಿದರು, ಕೂತುಕೊಂಡು. ಆಮೇಲೆ ಕುರ್ಚಿ ಹಾಕಿಕೊಂಡು ಹತ್ತಿ ಚೌಕಟ್ಟನ್ನು ತಾವೇ ಇಳಿಸಿದರು. ಗೋಡೆಯ ಮೇಲೆ ಬಣ್ಣ ಮಾಸದ ಚೌಕ ಉಳಿಯಿತು. ಅವರಿಗೆ ಸಂಕಟವಾಗಲಿಲ್ಲ ಎಂದು ಯಾರೂ ಹೇಳಬಾರದು. ಗಾಜನ್ನು ಒರೆಸಿ, ಹಳೆಯ ಬಟ್ಟೆಯಲ್ಲಿ ಸುತ್ತಿ, ಕಣ್ಣೊರೆಸಿಕೊಂಡರು. ಅಂದು ಶನಿವಾರವೂ ಆಗಿರಲಿಲ್ಲ.

ತಿದ್ದುಪಡಿಯ ದಿನ ಎಲ್ಲರೂ ಹೋದರು. ದಿಡ್ಡಿ ತೆರೆದಿತ್ತು, ಶಾಲೆಯ ಮಕ್ಕಳು ಸಾಲಾಗಿ ಬಗ್ಗಿ ದಾಟುತ್ತಿದ್ದರು. ಮೊಮ್ಮಗಳು ತಾತನ ಕೈ ಬಿಟ್ಟು ಅವರ ಜೊತೆ ಓಡಿದಳು. ಕಾವಲು ಕೋಣೆಯಲ್ಲಿ ಮೇಜು, ಒಂದು ಕುರ್ಚಿ, ಹಳೆಯ ಪುಸ್ತಕ. ಕಮಾಂಡರು ಬಂದು ನಿಂತಿದ್ದರು. ಮಗ ಮೂಲೆಯಲ್ಲಿ ಏಣಿ ಹತ್ತಿ ಕೋಣೆಯ ದೀಪ ಸರಿಮಾಡುತ್ತಿದ್ದ. ಅವನ ಕಂತ್ರಾಟು ಹಿಂದಿನ ದಿನವಷ್ಟೇ ಮತ್ತೊಂದು ವರ್ಷಕ್ಕೆ ಮುಂದುವರಿದಿತ್ತು. ಕೈಯಲ್ಲಿ ಅರವತ್ತು ವ್ಯಾಟಿನ ಬಲ್ಬು.

ಹವಾಲ್ದಾರರು ಮೊದಲ ಪುಟ ತೆಗೆದರು. 'ಯಾರೂ ಇಲ್ಲ' ಎಂಬುದರ ಮೇಲೆ ಅಳತೆಪಟ್ಟಿ ಇಟ್ಟು ಒಂದು ಗೆರೆ ಎಳೆದರು. ಪಕ್ಕದಲ್ಲಿ ಹೆಂಡತಿಯ ಹೆಸರು ಬರೆದರು. ಸಂಖ್ಯೆಯ ಜಾಗದಲ್ಲಿ 'ಒಬ್ಬರು' ಎಂದು ಬರೆದು ಸಹಿ ಹಾಕಿದರು. ಈಗಲೂ ಅಕ್ಷರ ಒಂದಕ್ಕೊಂದು ತಗುಲಲಿಲ್ಲ. ಎರಡನೆಯ ವರ್ಷ. ಮೂರನೆಯ ವರ್ಷ. ನಾಲ್ಕನೆಯ ವರ್ಷ. ಸಿಸ್ಟರಮ್ಮ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಪ್ರತಿ ಅಕ್ಷರವನ್ನೂ ಕಾಯುತ್ತಾ ನಿಂತಿದ್ದರು.

ಐದನೆಯ ಪುಟದಲ್ಲಿ ಹೆಸರು ಬರೆದು 'ಒ' ಎಂದು ಶುರುಮಾಡಿದ್ದರು. ಸಿಸ್ಟರಮ್ಮ ಅವರ ಮಣಿಕಟ್ಟು ಹಿಡಿದರು.

"ಆ ವರ್ಷ ಒಬ್ಬಳೇ ಅಲ್ಲ ರೀ. ನನಗೆ ಏಳು ತಿಂಗಳು."

ಹವಾಲ್ದಾರರು ತಲೆ ಎತ್ತಿದರು. ಏಣಿಯ ಮೇಲೆ ಮಗ ಬಲ್ಬು ಹಿಡಿದುಕೊಂಡು ನಿಂತುಬಿಟ್ಟಿದ್ದ. ನಲವತ್ತು ದಾಟಿದ, ತಲೆಯಲ್ಲಿ ಅಲ್ಲಲ್ಲಿ ಬೆಳ್ಳಗಾದ ಮನುಷ್ಯ. ತಂದೆ ಅವನನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕಮಾಂಡರ ಕಡೆ ತಿರುಗಿದರು.

"ಸರ್, ಇದನ್ನ ಹೇಗೆ ಬರೀಬೇಕು?"

"ದಾಟಿದಷ್ಟು ಜನರನ್ನ ಬರೀರಿ," ಎಂದರು ಕಮಾಂಡರು.

ಹವಾಲ್ದಾರರು ಅಳತೆಪಟ್ಟಿ ಇಟ್ಟು 'ಒ' ಹೊಡೆದು ಹಾಕಿ, ಪಕ್ಕದಲ್ಲಿ ನಿಧಾನವಾಗಿ 'ಇಬ್ಬರು' ಎಂದು ಬರೆದು ಸಹಿ ಹಾಕಿದರು.